ಸ್ಪ್ಯಾನಿಶ್ ಬಾರದವರು ರುಪೆರ್ತೋ ಚಾಪಿಯನ್ನು ಕೇಳುವ ಬಗೆ

ಮೊದಲು ಸನ್ನಿವೇಶ, ಆಮೇಲೆ ಹಾಡು. ಚಾಪಿಯ ಸಂಗೀತ ಕೇಳಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ಇದನ್ನು ಮನೆಯಲ್ಲಿ ಕೂತು ಮಾಡುವುದು ಹೇಗೆ, ಯಾವುದರಿಂದ ಶುರು ಮಾಡಬೇಕು, ಎಲ್ಲಿ ಕಿವಿ ಇಡಬೇಕು ಅನ್ನುವುದನ್ನು ಮುಂದೆ ಬರೆದಿದ್ದೇನೆ.

ರುಪೆರ್ತೋ ಚಾಪಿ ಸ್ಪೇನಿನ ಸಂಗೀತಗಾರರು. 1851ರಲ್ಲಿ ಹುಟ್ಟಿ 1909ರಲ್ಲಿ ತೀರಿಕೊಂಡರು. ಅವರ ದುಡಿಮೆಯ ಬಹುಪಾಲು ಹೋದದ್ದು ಸಾರ್ಸುವೇಲಾ ಅನ್ನುವ ನಾಟಕಗಳಿಗೆ. ಒಪೆರಾದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹಾಡಿಯೇ ಹೇಳುತ್ತಾರೆ. ಸಾರ್ಸುವೇಲಾದಲ್ಲಿ ಪಾತ್ರಗಳು ಮಾತಾಡುತ್ತವೆ, ಜಗಳ ಆಡುತ್ತವೆ, ನಗಿಸುತ್ತವೆ. ಮಾತು ಸಾಲದೇ ಹೋದಾಗ ಹಾಡು ಬರುತ್ತದೆ. ನಮ್ಮ ಕಂಪನಿ ನಾಟಕದ ಕ್ರಮವೂ ಅದೇ ಅಲ್ವಾ?

ನಾನು ಶಿರಸಿಯಲ್ಲಿ ಪೇಟಿ ಬಾರಿಸುವವನು. ಮಕ್ಕಳಿಗೆ ಪಾಠ ಹೇಳುತ್ತೇನೆ. ಮಾರಿಕಾಂಬೆ ಜಾತ್ರೆಗೆ ನಾಟಕದವರು ಬಂದು ಡೇರೆ ಹಾಕಿದಾಗ ಕರೆದರೆ ಹೋಗಿ ಕೂರುತ್ತೇನೆ. ಒಂದು ಆಟ ಮುಗಿದು ಜನ ಹೊರಗೆ ಬರುವಷ್ಟರಲ್ಲಿ ಇನ್ನೊಂದು ಆಟದ ಜನ ಬಾಗಿಲಲ್ಲಿ ನಿಂತಿರುತ್ತಾರೆ. ಹಾರ್ಮೋನಿಯಂ ಮುಂದೆ ಕೂತವನಿಗೆ ಆಗ ಒಂದು ವಿಷಯ ಚೆನ್ನಾಗಿ ಗೊತ್ತಾಗುತ್ತದೆ. ದಿನವಿಡೀ ದುಡಿದು ದುಡ್ಡು ಕೊಟ್ಟು ಬಂದ ಜನಕ್ಕೆ ಮೊದಲ ನಿಮಿಷದಲ್ಲೇ ಏನಾದರೂ ಸಿಗಬೇಕು. ಚಾಪಿ ಬರೆದದ್ದು ಇಂಥ ಜನಕ್ಕಾಗಿಯೇ. ಅದಕ್ಕೇ ಅವರ ಸಂಗೀತ ನನಗೆ ಇಷ್ಟು ಹತ್ತಿರ. ನಮ್ಮ ಮನೆಯಲ್ಲಿ ಕೆಲವು ಭಾನುವಾರ ಮಧ್ಯಾಹ್ನ ಅಕ್ಕಪಕ್ಕದವರು, ಪಾಠಕ್ಕೆ ಬರುವ ಹುಡುಗರು ಸೇರಿ ಅವರ ಹಾಡು ಕೇಳುತ್ತೇವೆ. ಯಾರಿಗೂ ಸ್ಪ್ಯಾನಿಶ್ ಬರುವುದಿಲ್ಲ. ಅದರಿಂದ ಕೇಳುವುದು ನಿಂತಿಲ್ಲ.

ಹುಡುಕುವುದು, ಇಳಿಸಿಕೊಳ್ಳುವುದು

ಫೋನಿನಲ್ಲಿ ಹುಡುಕುವಾಗ ಹೆಸರನ್ನು ಅವರ ಕಾಗುಣಿತದಲ್ಲೇ ಹಾಕಬೇಕು. ಚಾಪಿ ಅಂದರೆ ಸಿ, ಎಚ್, ಎ, ಪಿ, ಐ. ನಾವು ಮೊದಲು ಕೇಳುವ ನಾಟಕ 'ಲಾ ರೆಬೋಲ್ತೋಸಾ'. ಅದಕ್ಕೆ ಎಲ್, ಎ. ಆಮೇಲೆ ಜಾಗ ಬಿಟ್ಟು ಆರ್, ಇ, ವಿ, ಒ, ಎಲ್, ಟಿ, ಒ, ಎಸ್, ಎ. ನಡುವೆ ವಿ ಇದ್ದರೂ ಬಾಯಲ್ಲಿ ಬ ಬರುತ್ತದೆ. ಇದು ಗೊತ್ತಿಲ್ಲದಿದ್ದರೆ ಹಾಡುವವರು ಹೇಳುವುದಕ್ಕೂ ಪರದೆ ಮೇಲಿನ ಅಕ್ಷರಕ್ಕೂ ತಾಳೆ ಆಗುವುದಿಲ್ಲ.

ಬೇರೆ ಬೇರೆ ಕಾಲದ ರೆಕಾರ್ಡಿಂಗ್ ಸಿಗುತ್ತವೆ. ಅತಾಉಲ್ಫೋ ಅರ್ಖೆಂತಾ ಅನ್ನುವ ಸಂಗೀತ ನಿರ್ದೇಶಕರು 1950ರ ದಶಕದಲ್ಲಿ ಮಾಡಿದ್ದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಅವರು 1958ರಲ್ಲಿ, ಇನ್ನೂ 44ರ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರೊಳಗೆ ಸಾರ್ಸುವೇಲಾಗಳ ದೊಡ್ಡ ಸಾಲನ್ನೇ ಧ್ವನಿಮುದ್ರಣ ಮಾಡಿ ಹೋಗಿದ್ದಾರೆ. ದನಿ ಹಳೆಯದು, ಸ್ವಲ್ಪ ತೆಳು. ಆದರೆ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಹೊಸ ರೆಕಾರ್ಡಿಂಗುಗಳಲ್ಲಿ ವಾದ್ಯಗಳು ಸ್ಪಷ್ಟ. ನನ್ನ ಮನಸ್ಸು ಮಾತ್ರ ಅರ್ಖೆಂತಾ ಕಡೆಗೇ.

ಮುಂಚೆಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಗುತ್ತದೆ. ಸ್ಪೀಕರ್ ಪೂರ್ತಿ ಚಾರ್ಜ್ ಆಗಿರಲಿ. ಫೋನಿನದೇ ಸಣ್ಣ ಸ್ಪೀಕರಿನಲ್ಲಿ ಕೇಳಬೇಡಿ, ಕೆಳಗಿನ ಸ್ವರಗಳೆಲ್ಲ ಅದರಲ್ಲಿ ಕಾಣೆ. ಚಾಪಿಯ ಅರ್ಧ ಕೆಲಸ ಇರುವುದು ಆ ಕೆಳಗಿನ ಸ್ವರಗಳಲ್ಲೇ. ಜೂನ್, ಜುಲೈನಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಕೇಳುವ ಆಸೆಯನ್ನೂ ಬಿಡಿ. ಮಳೆ ಹೊಡೆಯುವಾಗ ಮೆಲ್ಲಗೆ ನುಡಿಸಿದ ಭಾಗ ಯಾವುದೂ ಕಿವಿಗೆ ಬೀಳುವುದಿಲ್ಲ. ಒಳಕೋಣೆ ಒಳ್ಳೆಯದು. ಒಬ್ಬರೇ ಆದರೆ ಹೆಡ್‌ಫೋನ್.

ಮೊದಲ ಸಲ ಕೇಳುವಾಗ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಅಡಿಕೆ ಸುಲಿಯುತ್ತಾ ಕೇಳುತ್ತೇವೆ ಅನ್ನುವವರು ಇದ್ದಾರೆ. ಅದು ಎರಡನೇ ಸಲಕ್ಕೆ, ಮೂರನೇ ಸಲಕ್ಕೆ. ಹಾಡು ಒಮ್ಮೆ ತಲೆಯಲ್ಲಿ ಕೂತ ಮೇಲೆ ಮೆಟ್ಟುಗತ್ತಿಯ ಮುಂದೆ ಕೂತು ಎಷ್ಟು ಹೊತ್ತಾದರೂ ಕೇಳಬಹುದು. ರಾತ್ರಿ ಹೋದದ್ದೇ ಗೊತ್ತಾಗುವುದಿಲ್ಲ.

ಸನ್ನಿವೇಶದ ಚೀಟಿ

ಇದು ಎಲ್ಲಕ್ಕಿಂತ ಮುಖ್ಯ. ಸಾರ್ಸುವೇಲಾ ರೆಕಾರ್ಡಿಂಗುಗಳಲ್ಲಿ ಸಾಮಾನ್ಯವಾಗಿ ಹಾಡುಗಳು ಮಾತ್ರ ಇರುತ್ತವೆ. ನಡುವಿನ ಮಾತುಕತೆಯನ್ನು ಬಿಟ್ಟಿರುತ್ತಾರೆ. ಸ್ಪೇನಿನ ಜನಕ್ಕೆ ಕತೆ ಬಾಯಿಪಾಠ, ಅವರಿಗೆ ನಡೆಯುತ್ತದೆ. ನಮಗೆ ನಡೆಯುವುದಿಲ್ಲ. ಮಾತು ಇಲ್ಲದೆ ಹಾಡು ಕೇಳಿದರೆ ಯಾರೋ ಇಬ್ಬರು ಸುಮ್ನೆ ಕೂಗಾಡಿದ ಹಾಗೆ ಆಗುತ್ತದೆ. ಪಕ್ಕದ ಮನೆ ದೊಡ್ಡಮ್ಮ ಒಮ್ಮೆ ಕೇಳಿದರು: "ತಮಾ, ಇವರಿಬ್ಬರೂ ಎಂತಕ್ಕೆ ಜಗಳ ಆಡ್ತಾ ಇದ್ದಾರೆ?" ಸರಿಯಾದ ಪ್ರಶ್ನೆ. ಅದೇ ಪ್ರಶ್ನೆಗೆ ಮುಂಚೆಯೇ ಉತ್ತರ ಬರೆದಿಟ್ಟುಕೊಳ್ಳಬೇಕು.

ಒಂದು ಚೀಟಿ ತಗೊಳ್ಳಿ. ಪ್ರತಿ ಹಾಡಿಗೂ ಮೂರು ಸಾಲು ಬರೆಯಿರಿ. ಎಲ್ಲಿದ್ದಾರೆ? ಯಾರು ಹಾಡುತ್ತಾರೆ? ಹಾಡುವವರಿಗೆ ಏನು ಬೇಕಾಗಿದೆ? ಇಷ್ಟು ಸಾಕು. ಹಾಡಿನ ಪ್ರತಿ ಶಬ್ದದ ಅರ್ಥ ಹುಡುಕುತ್ತಾ ಕೂರಬೇಡಿ, ಅದು ಆಮೇಲೆ ನಿಧಾನಕ್ಕೆ ಆಗುವ ಕೆಲಸ. ಹಾಡು ಹಾಕುವ ಮೊದಲು ಒಬ್ಬರು ಚೀಟಿಯನ್ನು ಗಟ್ಟಿಯಾಗಿ ಓದಲಿ. ನಮ್ಮಲ್ಲಿ ಇದನ್ನು ಪಾಠದ ಹುಡುಗರಿಗೆ ಬಿಟ್ಟಿದ್ದೇವೆ. ಅವರು ಓದುವಾಗ ಚೂರು ಅಭಿನಯವೂ ಸೇರಿಕೊಳ್ಳುತ್ತದೆ. ಒಳ್ಳೆಯದೇ.

ಲಾ ರೆಬೋಲ್ತೋಸಾದ ಚೀಟಿ ಹೀಗಿರಲಿ. ಜಾಗ ಮಾದ್ರಿದ್ ಪಟ್ಟಣದ ಒಂದು ವಠಾರ. ನಡುವೆ ಅಂಗಳ, ಸುತ್ತ ಮಹಡಿ ಮಹಡಿಯಾಗಿ ಬಡವರ ಮನೆಗಳು, ಎಲ್ಲರ ಬಾಗಿಲೂ ಅಂಗಳಕ್ಕೇ ಕಾಣುತ್ತದೆ. ಅಲ್ಲಿ ಮಾರಿ ಪೇಪಾ ಅನ್ನುವ ಹುಡುಗಿ ಇದ್ದಾಳೆ. ಚೆಲುವೆ, ಮಾತಿನಲ್ಲಿ ಚುರುಕು, ಯಾರಿಗೂ ಬಗ್ಗುವವಳಲ್ಲ. ವಠಾರದ ಮದುವೆಯಾದ ಗಂಡಸರೆಲ್ಲ ಅವಳ ಹಿಂದೆ. ಅವರ ಹೆಂಡಂದಿರಿಗೆ ಅವಳನ್ನು ಕಂಡರೆ ಉರಿ. ಗಂಡಂದಿರಿಗೆ ಬುದ್ಧಿ ಕಲಿಸಬೇಕು ಅಂತ ಹೆಂಗಸರು ಸೇರಿ ಉಪಾಯ ಹೂಡುತ್ತಾರೆ. ಫೆಲೀಪೆ ಅನ್ನುವ ಹುಡುಗ ಒಬ್ಬ ಮಾತ್ರ ಅವಳನ್ನು ನೋಡಿಯೂ ನೋಡದ ಹಾಗೆ ಇರುತ್ತಾನೆ. ಒಳಗೊಳಗೆ ಅವನಿಗೆ ಅವಳೇ ಬೇಕು. ಅವಳಿಗೂ ಅವನೇ ಬೇಕು. ಇಬ್ಬರೂ ಬಾಯಿ ಬಿಡುವುದಿಲ್ಲ. ಇಷ್ಟೇ ಕತೆ. ಒಂದು ಗಂಟೆಯ ಒಂದೇ ಅಂಕದ ನಾಟಕ. ಹೋಸೆ ಲೋಪೆಸ್ ಸಿಲ್ವಾ ಮತ್ತು ಕಾರ್ಲೋಸ್ ಫೆರ್ನಾಂದೆಸ್ ಶಾ ಸೇರಿ ಬರೆದದ್ದು. ಲೋಪೆಸ್ ಸಿಲ್ವಾ ಮಾದ್ರಿದಿನ ಬೀದಿ ಜನರ ಮಾತನ್ನು ಹಾಗೆಯೇ ಬರೆಯುವುದರಲ್ಲಿ ಗಟ್ಟಿಗರು. 1897ರ ನವೆಂಬರ್ 25ರಂದು ಮಾದ್ರಿದಿನ ಅಪೋಲೋ ರಂಗಮಂದಿರದಲ್ಲಿ ಮೊದಲ ಆಟ ಆಯಿತು.

ಒಂದು ಗಂಟೆ ಯಾಕೆ

ಇದನ್ನು ತಿಳಿದುಕೊಂಡರೆ ಚಾಪಿ ಯಾಕೆ ಹೀಗೆ ಚುರುಕಾಗಿ ಬರೆದರು ಅನ್ನುವುದು ಗೊತ್ತಾಗುತ್ತದೆ. ಮೊದಲಿನ ಸಾರ್ಸುವೇಲಾಗಳು ಮೂರು ಅಂಕದ ದೊಡ್ಡ ನಾಟಕಗಳು. ಟಿಕೆಟ್ಟೂ ದುಬಾರಿ. 1868ರ ಸುಮಾರಿಗೆ ಸ್ಪೇನಿನಲ್ಲಿ ರಾಣಿಯನ್ನು ಇಳಿಸಿದ ಕ್ರಾಂತಿ ಆಯಿತು. ದುಡ್ಡಿಗೆ ತಾಪತ್ರಯ. ಇಡೀ ಸಂಜೆಯ ಟಿಕೆಟ್ ಕೊಳ್ಳುವ ಜನ ಕಡಿಮೆಯಾದರು. ಆಗ ಮಾದ್ರಿದಿನ ಕೆಲವು ನಟರು ಒಂದು ದಾರಿ ಕಂಡುಕೊಂಡರು. ಸಂಜೆಯನ್ನು ತುಂಡು ಮಾಡಿ ಗಂಟೆಗೊಂದು ನಾಟಕ ಆಡುವುದು, ಒಂದೊಂದಕ್ಕೂ ಬೇರೆ ಅಗ್ಗದ ಟಿಕೆಟ್ಟು. ಕೂಲಿ ಮಾಡುವವರು, ದರ್ಜಿಗಳು, ಅಂಗಡಿ ಹುಡುಗರು ಎಲ್ಲರೂ ಬರತೊಡಗಿದರು. ಅಪೋಲೋದಲ್ಲಿ ರಾತ್ರಿ ನಾಲ್ಕು ಆಟ. ನಡುರಾತ್ರಿ ಹೊತ್ತಿನ ನಾಲ್ಕನೆಯ ಆಟಕ್ಕೆ ಊರಿನ ಶೋಕಿ ಜನವೆಲ್ಲ ಸೇರುತ್ತಿದ್ದರು. ಆ ಮಂದಿರ 1929ರಲ್ಲಿ ಮುಚ್ಚಿತು.

ಒಂದು ಗಂಟೆಯಲ್ಲಿ ಕತೆ, ನಗೆ, ಜಗಳ, ಪ್ರೀತಿ ಎಲ್ಲ ಮುಗಿಯಬೇಕು. ಹಾಡಿಗೆ ಸಿಗುವುದು ನಾಲ್ಕೈದು ಜಾಗ. ಹಾಗಾಗಿ ಬೇಡದ ಹಾಡು ಒಂದೂ ಇರುವುದಿಲ್ಲ.

ಮೊದಲ ಕೂಟ: ಮಾತಿಲ್ಲದ ಎರಡು ತುಣುಕು

ನೇರವಾಗಿ ಹಾಡಿಗೆ ಹೋಗಬೇಡಿ. ಪರದೆ ಏಳುವ ಮೊದಲು ವಾದ್ಯದವರು ನುಡಿಸುವ ಭಾಗಕ್ಕೆ ಪ್ರಿಲ್ಯೂಡ್ ಅನ್ನುತ್ತಾರೆ. ಅಲ್ಲಿ ಭಾಷೆಯ ತೊಡಕೇ ಇಲ್ಲ. ಚಾಪಿಯ ಎರಡು ಪ್ರಿಲ್ಯೂಡ್ ಸ್ಪೇನಿನಲ್ಲಿ ಈಗಲೂ ಬೇರೆಯಾಗಿ ಕಛೇರಿಗಳಲ್ಲಿ ನುಡಿಸುತ್ತಾರೆ.

ಮೊದಲನೆಯದು 'ಎಲ್ ತಾಂಬೋರ್ ದೆ ಗ್ರನಾದೇರೋಸ್', 1894ರದ್ದು. ಕತೆ 1808ರದ್ದು, ನೆಪೋಲಿಯನ್ನನ ಸೈನ್ಯ ಸ್ಪೇನಿಗೆ ನುಗ್ಗಿದ ಕಾಲ. ಸೈನ್ಯದಲ್ಲಿ ಡೋಲು ಬಡಿಯುವ ಒಬ್ಬ ಹುಡುಗ. ನೆಪೋಲಿಯನ್ನನ ಅಣ್ಣನನ್ನು ದೊರೆ ಅಂತ ಒಪ್ಪಿ ಆಣೆ ಮಾಡು ಅಂದರೆ ಮಾಡುವುದಿಲ್ಲ ಅನ್ನುತ್ತಾನೆ. ಪ್ರಿಲ್ಯೂಡಿನಲ್ಲಿ ಆ ಡೋಲನ್ನು ಹುಡುಕಿ, ಅದು ಬಂದಾಗ ಬೆರಳಲ್ಲಿ ಎಣಿಸಿ. ಕವಾಯತಿನ ನಡಿಗೆ ತಾನಾಗಿ ಸಿಗುತ್ತದೆ. ಈ ಹುಡುಗನ ಪಾತ್ರವನ್ನು ಹಾಡುವುದು ಹೆಂಗಸು. ನಮ್ಮಲ್ಲಿ ಗಂಡಸರು ಸ್ತ್ರೀವೇಷ ಹಾಕಿದ್ದನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ.

ಇಲ್ಲಿ ಚಾಪಿಯ ಹುಟ್ಟೂರಿನ ಮಾತು ಹೇಳಬೇಕು. ಸ್ಪೇನಿನ ಪೂರ್ವದಲ್ಲಿ ಆಲಿಕಾಂತೆ ಪ್ರಾಂತ್ಯದ ಬಿಯೇನಾ ಅವರ ಊರು. ಅಪ್ಪ ಕ್ಷೌರದ ಕೆಲಸದವರು, ಸಂಗೀತ ಅಂದರೆ ಪ್ರಾಣ. ಹುಡುಗ ಚಿಕ್ಕಂದಿನಲ್ಲೇ ಊರಿನ ಬ್ಯಾಂಡು ಸೇರಿದ. ಮೊದಲು ಪಿಕೋಲೋ ಅನ್ನುವ ಪುಟ್ಟ ಕೊಳಲು, ಆಮೇಲೆ ಕಾರ್ನೆಟ್. ಮೀಸೆ ಮೂಡುವ ಹೊತ್ತಿಗೆ ಬ್ಯಾಂಡನ್ನು ನಡೆಸುವವನೇ ಆದ. ಮುಂದೆ ಮಾದ್ರಿದಿನಲ್ಲಿ ಹೊಟ್ಟೆಪಾಡಿಗೆ ಸೈನ್ಯದ ಬ್ಯಾಂಡನ್ನೂ ನಡೆಸಿದ್ದುಂಟು. ಊದುವ ವಾದ್ಯ, ಬಡಿಯುವ ವಾದ್ಯ ಅವರಿಗೆ ಕೈಯಲ್ಲಿ ಹಿಡಿದು ಗೊತ್ತಿದ್ದವು. ತಾಂಬೋರ್ ಪ್ರಿಲ್ಯೂಡ್ ಕೇಳುವಾಗ ಇದು ನೆನಪಿರಲಿ. ಕಾರವಾರ ಕಡೆ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ಟೋ ಟ್ರಂಪೆಟ್ಟೋ ನುಡಿಸುವವರು ನಿಮ್ಮ ಪರಿಚಯದಲ್ಲಿದ್ದರೆ ಅವರನ್ನು ಕೂಟಕ್ಕೆ ಕರೆಯಿರಿ. ಎಲ್ಲಿ ಉಸಿರು ತಗೊಳ್ಳುತ್ತಾರೆ, ಯಾವ ಜಾಗ ನುಡಿಸಲು ಕಷ್ಟ ಅನ್ನುವುದನ್ನು ಅವರು ತೋರಿಸಿಕೊಟ್ಟರೆ ಅದೇ ಒಂದು ಪಾಠ.

ಎರಡನೆಯದು ಲಾ ರೆಬೋಲ್ತೋಸಾದ ಪ್ರಿಲ್ಯೂಡ್. ಐದು ನಿಮಿಷದ ಆಸುಪಾಸು. ಇದನ್ನು ಒಂದೇ ಕೂಟದಲ್ಲಿ ಮೂರು ಸಲ ಹಾಕಿ. ಮೊದಲ ಸಲ ಸುಮ್ಮನೆ ಕೂತು ಕೇಳಿ. ಅಬ್ಬರದಿಂದ ಶುರುವಾಗುತ್ತದೆ, ಇಡೀ ವಠಾರವೇ ಎದ್ದು ಕೂತಂತೆ. ಎರಡನೇ ಸಲ ಪಿಟೀಲುಗಳನ್ನು ಮಾತ್ರ ಹಿಡಿದುಕೊಂಡು ಹೋಗಿ. ಮೂರನೇ ಸಲ ಕೆಳಗಿನ ದೊಡ್ಡ ತಂತಿವಾದ್ಯಗಳನ್ನು ಹಿಡಿಯಿರಿ.

ಹೀಗೆ ಮಾಡುವುದಕ್ಕೆ ಕಾರಣ ಇದೆ. ನಮ್ಮ ಕಿವಿಗೆ ಒಂದೇ ಎಳೆಯನ್ನು ಹಿಡಿದು ಹೋಗಿ ರೂಢಿ. ಗಾಯಕ ಹಾಡುತ್ತಾನೆ, ಪೇಟಿಯವನು ಬೆನ್ನು ಹತ್ತುತ್ತಾನೆ, ತಂಬೂರಿ ಷಡ್ಜ ಹಿಡಿದಿರುತ್ತದೆ. ಸ್ಪೇನಿನವರ ಈ ಸಂಗೀತದಲ್ಲಿ ಏಕಕಾಲಕ್ಕೆ ಬೇರೆ ಬೇರೆ ಎಳೆಗಳು ನಡೆಯುತ್ತಿರುತ್ತವೆ, ಒಂದಕ್ಕೊಂದು ಹೊಂದಿಕೊಂಡು. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ತಲೆ ಭಾರ. ಒಂದೊಂದೇ ಹಿಡಿದರೆ ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ, ಆಮೇಲೆ ತಾನಾಗಿ ಕೂಡಿಕೊಳ್ಳುತ್ತದೆ. ಹುಡುಗರಿಗೆ ಇದು ದೊಡ್ಡವರಿಗಿಂತ ಬೇಗ ಬರುತ್ತದೆ. ಯಾಕೆಂದರೆ ಅವರು ಹಠ ಹಿಡಿದು ತಮ್ಮ ಪಾಲಿನ ವಾದ್ಯವನ್ನು ಬಿಡುವುದಿಲ್ಲ.

ಅಬ್ಬರ ಇಳಿದ ಮೇಲೆ ಒಂದು ನಿಧಾನದ ರಾಗ ಬರುತ್ತದೆ, ಎಳೆದು ಎಳೆದು ಹಾಡಿದ ಹಾಗೆ. ಅದನ್ನು ಗುರುತು ಇಟ್ಟುಕೊಳ್ಳಿ. ಅದು ಮುಂದೆ ಮಾರಿ ಪೇಪಾ ಮತ್ತು ಫೆಲೀಪೆಯ ಹಾಡಿನಲ್ಲಿ ಬರುವ ಧಾಟಿ. ಕತೆಯಲ್ಲಿ ಅವರಿನ್ನೂ ಬಾಯಿ ಬಿಟ್ಟಿಲ್ಲ. ಪರದೆಯೂ ಎದ್ದಿಲ್ಲ. ವಾದ್ಯಗಳು ಆಗಲೇ ಹೇಳಿಬಿಟ್ಟಿವೆ.

ಜೋಡಿ ಹಾಡು

ಈಗ ಹಾಡು. ಚೀಟಿ ಓದಿ: ವಠಾರದಲ್ಲಿ ಇಬ್ಬರೇ ಸಿಕ್ಕಿದ್ದಾರೆ. ಇಷ್ಟು ಹೊತ್ತು ಒಬ್ಬರಿಗೊಬ್ಬರು ಚುಚ್ಚಿ ಮಾತಾಡಿದವರು. ಯಾಕೆ ಕಣ್ಣು ತಪ್ಪಿಸುತ್ತೀ ಅಂತ ಒಬ್ಬರು, ಯಾಕೆ ನನ್ನ ಕಡೆ ನೋಡುವುದಿಲ್ಲ ಅಂತ ಇನ್ನೊಬ್ಬರು. ಇದು ಗೊತ್ತಿದ್ದರೆ ಸಾಕು. ಮೊದಲ ಸಾಲುಗಳು ಪ್ರಶ್ನೆಯ ರೀತಿಯಲ್ಲೇ ನಿಲ್ಲುತ್ತವೆ, ಮುಗಿಯುವುದಿಲ್ಲ. ಆ ನಿಲುಗಡೆಗಳನ್ನು ಕೇಳಿ. ನಾಟಕದಲ್ಲಿ ಪೇಟಿ ಬಾರಿಸುವವರಿಗೆ ಇದು ಪಾಠ. ಪಾತ್ರ ಕೇಳಿದ ಪ್ರಶ್ನೆಗೆ ನಾವು ಷಡ್ಜಕ್ಕೆ ಬಂದು ಕೂತುಬಿಟ್ಟರೆ ಪ್ರಶ್ನೆ ಅಲ್ಲಿಗೇ ಸತ್ತುಹೋಗುತ್ತದೆ. ಚಾಪಿ ಕೂರುವುದಿಲ್ಲ, ಕಾಯಿಸುತ್ತಾರೆ.

ಆಮೇಲೆ ಫೆಲೀಪೆ ಅವಳನ್ನು ಹೊಗಳುತ್ತಾನೆ. ಅವಳು ಇಟ್ಟುಕೊಂಡ ಹೂವು, ಉಟ್ಟ ಬಟ್ಟೆ, ಹೊದ್ದ ವಸ್ತ್ರ, ಒಂದೊಂದನ್ನೂ ಹೆಸರು ಹಿಡಿದು. ಅಲ್ಲಿ ಗುಲಾಬಿ ಗೊಂಚಲಿನ ಮಾತು ಬರುತ್ತದೆ. ಈ ಒಂದು ಸಾಲು ಸ್ಪೇನಿನ ಜನರ ಬಾಯಲ್ಲಿ ಎಷ್ಟು ಉಳಿದಿತ್ತೆಂದರೆ ಪಾಬ್ಲೋ ಸೊರೋಸಾಬಲ್ ಅನ್ನುವ ಮುಂದಿನ ತಲೆಮಾರಿನ ಸಂಗೀತಗಾರರು 1934ರಲ್ಲಿ ತಮ್ಮ ಸಾರ್ಸುವೇಲಾಕ್ಕೆ ಅದನ್ನೇ ಹೆಸರಾಗಿ ಇಟ್ಟರು.

ಕೊನೆಗೆ ಇಬ್ಬರೂ ಒಬ್ಬರ ಹೆಸರನ್ನು ಒಬ್ಬರು ಕರೆಯುತ್ತಾರೆ. ಆ ಜಾಗ ಬಂದಾಗ ಚೀಟಿ, ಎಳೆ, ಲೆಕ್ಕ ಎಲ್ಲ ಬಿಡಿ. ಕೂಟದಲ್ಲಿ ಇದ್ದವರು ಯಾರೂ ಮಾತಾಡಬಾರದು. ನಮ್ಮಲ್ಲಿ ಇದೊಂದು ನಿಯಮ.

ಪೇಟಿ ಬಲ್ಲವರು ಮರುದಿನ ಈ ಧಾಟಿಯನ್ನು ಬೆರಳಿಗೆ ಹಚ್ಚಿಕೊಳ್ಳಬಹುದು. ಮೊದಲು ರೆಕಾರ್ಡಿಂಗ್ ಹಾಕಿ ಒಂದೊಂದೇ ಮನೆ ಒತ್ತಿ ನೋಡಿ. ಸಾಲು ಮುಗಿದಾಗ ಯಾವ ಮನೆಯ ಮೇಲೆ ನೆಮ್ಮದಿ ಸಿಗುತ್ತದೋ ಅದನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಸ್ವಲ್ಪ ದೂರ ಹೋದ ಮೇಲೆ ಷಡ್ಜವೇ ಜಾಗ ಬದಲಾಯಿಸುತ್ತದೆ, ಗಾಬರಿ ಬೇಡ, ಅವರಲ್ಲಿ ಅದು ರೂಢಿ. ಅಲ್ಲಿ ನಿಲ್ಲಿಸಿ, ಹೊಸ ಷಡ್ಜ ಹುಡುಕಿ, ಮುಂದೆ ಹೋಗಿ. ನಮ್ಮ ಪೇಟಿಗೆ ಇದು ಅನ್ಯವಾದ ಸಂಗೀತವೂ ಅಲ್ಲ. ಹಾರ್ಮೋನಿಯಂ ಹುಟ್ಟಿದ್ದೇ ಪ್ಯಾರಿಸ್ಸಿನಲ್ಲಿ, 1840ರ ದಶಕದಲ್ಲಿ. ಕಂಪನಿ ನಾಟಕಗಳ ಕಾಲುಪೇಟಿ ಅದರದೇ ಸಂತತಿ. ಈ ಹಾಡಿನ ಸ್ವರಗಳೆಲ್ಲ ಅದರ ಮನೆಗಳಲ್ಲಿ ಇವೆ. ಕೂದಲೆಳೆಯ ಶ್ರುತಿಗೆ ಒದ್ದಾಡಬೇಕಿಲ್ಲ.

ಎರಡನೇ ಕೂಟ: ನಗುವ ಚಾಪಿ

ಇಷ್ಟಾದ ಮೇಲೆ ಜನಕ್ಕೆ ಸ್ವಲ್ಪ ಹಗುರ ಬೇಕು. 'ಎಲ್ ರೆಯ್ ಕೆ ರಾಬಿಯೋ' ಅನ್ನುವ 1891ರ ನಾಟಕದಲ್ಲಿ ವೈದ್ಯರ ಹಿಂಡೊಂದು ಹಾಡುವ ಹಾಡಿದೆ. ಹುಡುಗ ರಾಜ ವೇಷ ಮರೆಸಿಕೊಂಡು ತನ್ನ ರಾಜ್ಯ ನೋಡಲು ಹೊರಡುತ್ತಾನೆ. ನಾಯಿ ಕಚ್ಚಿದ ಪ್ರಸಂಗ ಒಂದು ನಡುವೆ ಬಂದು ದೊಡ್ಡ ದೊಡ್ಡ ವೈದ್ಯರು ಸೇರುತ್ತಾರೆ. ನಾಯಿಯನ್ನು ಪರೀಕ್ಷೆ ಮಾಡುತ್ತಾರೆ. ಬಹಳ ಗಾಂಭೀರ್ಯದಿಂದ ತೀರ್ಪು ಹೇಳುತ್ತಾರೆ: ಲಕ್ಷಣ ನೋಡಿದರೆ ನಾಯಿಗೆ ಹುಚ್ಚು ಹಿಡಿದಿರಬಹುದು, ಹಿಡಿಯದೆಯೂ ಇರಬಹುದು. ಇಷ್ಟನ್ನು ಮಾತ್ರ ಮುಂಚೆ ಹೇಳಿ ಹಾಡು ಹಾಕಿ. ಭಾಷೆ ಬಾರದ ಮಗುವೂ ನಗುತ್ತದೆ. ಚಾಪಿ ಇಲ್ಲಿ ಕುಣಿಯುವ ಸಂಗೀತ ಕೊಟ್ಟಿಲ್ಲ, ಸಭೆಯಲ್ಲಿ ಹೆಜ್ಜೆ ಇಡುವ ಗಂಭೀರ ಸಂಗೀತ ಕೊಟ್ಟಿದ್ದಾರೆ. ನಗು ಹುಟ್ಟುವುದು ಅದರಿಂದಲೇ. ಇಲ್ಲೂ ಅಷ್ಟೇ, ಸನ್ನಿವೇಶ ಗೊತ್ತಿಲ್ಲದಿದ್ದರೆ ಯಾವುದೋ ಪ್ರಾರ್ಥನೆ ಅಂದುಕೊಂಡು ಕೇಳಿಬಿಡುತ್ತೀರಿ.

ಇದರ ಜೊತೆಗೆ 1887ರ 'ಲಾ ಬ್ರೂಹಾ'ದಿಂದ ಲಿಯೋನಾರ್ದೋ ಹಾಡುವ ಹೋತಾ ಹಾಕಿ. ಹೋತಾ ಸ್ಪೇನಿನ ಜನಪದ ಕುಣಿತ, ಮೂರರ ಲಯ. ತೊಡೆಯ ಮೇಲೆ ತಟ್ಟಿ, ಮೊದಲ ಪೆಟ್ಟು ಗಟ್ಟಿ, ಉಳಿದೆರಡು ಮೆಲ್ಲಗೆ. ದಾದ್ರಾ ತಾಳ ಬಲ್ಲವರಿಗೆ ಕೂಡಲೇ ಸಿಗುತ್ತದೆ. ಇನ್ನೊಂದು, 'ಫಾಂತಾಸಿಯಾ ಮೊರೀಸ್ಕಾ'ದ ಸೆರೆನಾತಾ ಅನ್ನುವ ಭಾಗ. ಇದು ನಾಟಕದ್ದಲ್ಲ, ವಾದ್ಯಮೇಳಕ್ಕೆ ಬರೆದದ್ದು. ಗ್ರಾನಾದಾ ಪಟ್ಟಣದಲ್ಲಿ ಮುಸ್ಲಿಂ ದೊರೆಗಳು ಆಳುತ್ತಿದ್ದ ಕಾಲವನ್ನು ಕಲ್ಪಿಸಿಕೊಂಡು ಮಾಡಿದ್ದು. ದಕ್ಷಿಣ ಸ್ಪೇನಿನ ಛಾಯೆಯ ಸಂಗೀತದಲ್ಲಿ ಕೋಮಲ ರಿಷಭದಿಂದ ಷಡ್ಜಕ್ಕೆ ಇಳಿಯುವ ಒಂದು ಚಾಲು ಇರುತ್ತದೆ. ಭೈರವಿ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಪರಿಚಯದ ದಾರಿ. ಸ್ಪೇನಿನ ಸಂಗೀತ ಕೇಳುವಾಗೆಲ್ಲ ಈ ಇಳಿಕೆಗೆ ಕಿವಿ ತೆರೆದಿಟ್ಟಿರಿ.

ಅವರ ಜಗಳ ತಿಳಿದು ಕೇಳಿ

ಚಾಪಿಯ ಬದುಕಿನಲ್ಲಿ ಓದಿನ ಭಾಗ ಬೇಗ ಹೇಳಿ ಮುಗಿಸಬಹುದು. 16ರ ವಯಸ್ಸಿಗೆ ಮಾದ್ರಿದಿಗೆ ಬಂದರು. ಎಮಿಲಿಯೋ ಅರ್ರಿಯೇತಾ ಅವರ ಬಳಿ ಕಲಿತರು. 1872ರಲ್ಲಿ ಸಂಗೀತ ಶಾಲೆಯ ಮೊದಲ ಬಹುಮಾನ ಇಬ್ಬರಿಗೆ ಹಂಚಿ ಬಂತು. ಒಬ್ಬರು ಚಾಪಿ, ಇನ್ನೊಬ್ಬರು ತೊಮಾಸ್ ಬ್ರೆತೋನ್. ಆಮೇಲೆ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ರೋಮಿಗೆ ಹೋದರು. ತಿರುಗಿ ಬಂದ ಮೇಲೆ 1882ರ 'ಲಾ ತೆಂಪೆಸ್ತಾದ್' ಅವರಿಗೆ ದೊಡ್ಡ ಹೆಸರು ತಂದಿತು.

ನಾನು ಕೂಟದಲ್ಲಿ ಹೊತ್ತು ತಗೊಂಡು ಹೇಳುವುದು ಅವರು ಮಾಡಿದ ಜಗಳದ ಕತೆಯನ್ನು. ಆ ಕಾಲದಲ್ಲಿ ಸ್ಪೇನಿನಲ್ಲಿ ಸಂಗೀತ ಬರೆದವನು ತನ್ನ ಹಕ್ಕನ್ನು ಒಂದಿಷ್ಟು ದುಡ್ಡಿಗೆ ಪ್ರಕಾಶಕನಿಗೆ ಮಾರಿಬಿಡುತ್ತಿದ್ದ. ಮುಂದೆ ಆ ನಾಟಕ ಸಾವಿರ ಸಲ ಆಡಿದರೂ ಬರೆದವನಿಗೆ ಕಾಸಿಲ್ಲ. ಫ್ಲೊರೆನ್ಸಿಯೋ ಫಿಸ್ಕೊವಿಚ್ ಅನ್ನುವ ಪ್ರಕಾಶಕರ ಕೈಯಲ್ಲಿ ಇಂಥ ಹಕ್ಕುಗಳ ರಾಶಿಯೇ ಇತ್ತು. ವಾದ್ಯದವರು ನುಡಿಸಬೇಕಾದರೆ ಪ್ರತಿ ವಾದ್ಯಕ್ಕೂ ಕೈಯಲ್ಲಿ ನಕಲು ಮಾಡಿದ ಹಾಳೆಗಳು ಬೇಕು. ಆ ಹಾಳೆಗಳನ್ನು ಬಾಡಿಗೆಗೆ ಕೊಡುವುದೂ ಅವರೇ. ಹಾಳೆ ಇಲ್ಲದೆ ಯಾವ ಊರಿನ ಯಾವ ಕಂಪನಿಯೂ ಆಟ ಕಟ್ಟುವ ಹಾಗಿಲ್ಲ. ಬೀಗದ ಕೈ ಪೂರ್ತಿ ಒಬ್ಬರದೇ.

ಚಾಪಿ ಮಾರುವುದಿಲ್ಲ ಅಂದರು. ತಮ್ಮ ಹಾಳೆಗಳನ್ನು ತಾವೇ ಇಟ್ಟುಕೊಂಡರು. ಇದೇ ತಕರಾರಿನಲ್ಲಿ ಅಪೋಲೋ ಮಂದಿರದ ಆಡಳಿತದವರ ಜೊತೆಗೂ ಕೆಟ್ಟಿತು. ಆಗ ಅವರ ಕೈಯಲ್ಲಿ ಒಂದು ನಾಟಕ ಇತ್ತು, ರಿಕಾರ್ದೋ ದೆ ಲಾ ಬೇಗಾ ಬರೆದದ್ದು, ಹೆಸರು 'ಲಾ ಬೆರ್ಬೇನಾ ದೆ ಲಾ ಪಲೋಮಾ'. ಚಾಪಿ ಸಂಗೀತ ಮಾಡಬೇಕಾಗಿದ್ದ ಆ ನಾಟಕ ಕೈತಪ್ಪಿ ಬ್ರೆತೋನ್ ಪಾಲಾಯಿತು. ಬಹುಮಾನ ಹಂಚಿಕೊಂಡ ಅದೇ ಬ್ರೆತೋನ್. 1894ರ ಫೆಬ್ರವರಿ 17ರಂದು ಆಟ ಆಯಿತು. ಇವತ್ತಿಗೂ ಸ್ಪೇನಿನಲ್ಲಿ ಎಲ್ಲರಿಗೂ ಗೊತ್ತಿರುವ ಸಾರ್ಸುವೇಲಾ ಅದು. ಅದೇ ವರ್ಷ ಚಾಪಿ ತಮ್ಮ ತಾಂಬೋರನ್ನು ಎಸ್ಲಾವಾ ಅನ್ನುವ ಬೇರೆ ಮಂದಿರದಲ್ಲಿ ಆಡಿಸಿದರು. ಆಣೆ ಮಾಡುವುದಿಲ್ಲ ಅನ್ನುವ ಆ ಡೋಲಿನ ಹುಡುಗನ ನಾಟಕ. ಇಷ್ಟು ತಿಳಿದ ಮೇಲೆ ಆ ಪ್ರಿಲ್ಯೂಡನ್ನು ಇನ್ನೊಮ್ಮೆ ಹಾಕಿ. ನನಗಂತೂ ಆ ಡೋಲಿನ ಪೆಟ್ಟು ಬೇರೆಯೇ ಕೇಳಿಸುತ್ತದೆ.

ಮೂರು ವರ್ಷದ ನಂತರ ಲಾ ರೆಬೋಲ್ತೋಸಾ ಆಡಿದ್ದು ಮತ್ತೆ ಅದೇ ಅಪೋಲೋದಲ್ಲಿ. 1899ರಲ್ಲಿ ಸಿನೇಸಿಯೋ ದೆಲ್ಗಾದೋ, ಬಿತಾಲ್ ಆಸಾ, ಕಾರ್ಲೋಸ್ ಅರ್ನೀಚೆಸ್ ಮುಂತಾದ ನಾಟಕ ಬರೆಯುವವರ ಜೊತೆ ಸೇರಿ ಬರಹಗಾರರದೇ ಒಂದು ಸಂಘ ಕಟ್ಟಿದರು. ಹಕ್ಕು ಬರೆದವರಲ್ಲೇ ಉಳಿಯುವುದು, ಆಟಕ್ಕೆ ಇಷ್ಟು ಅಂತ ಪಾಲು ಬರುವುದು ಆ ಸಂಘದ ಗುರಿ. ಇವತ್ತು ಸ್ಪೇನಿನಲ್ಲಿ ಸಂಗೀತಗಾರರ ಹಕ್ಕು ನೋಡಿಕೊಳ್ಳುವ ದೊಡ್ಡ ಸಂಸ್ಥೆ ಅದರಿಂದಲೇ ಬೆಳೆದದ್ದು. ಜಾತ್ರೆ ಮುಗಿದು ಡೇರೆ ಬಿಚ್ಚಿದ ಮೇಲೆ ಬರಬೇಕಾದ ಸಂಬಳಕ್ಕೆ ಕಾದು ಕೂತ ವಾದ್ಯದವರನ್ನು ನಾನು ನೋಡಿದ್ದೇನೆ. ಹಾಗಾಗಿ ಹಾಡಿನಷ್ಟೇ ಗೌರವ ನನಗೆ ಈ ಕೆಲಸದ ಮೇಲೂ ಇದೆ. ಹುಡುಗರಿಗೆ ಧಾಟಿಯ ಜೊತೆ ಇದನ್ನೂ ಹೇಳಿಕೊಡಿ.

ಆಮೇಲೆ

ಎರಡು ಕೂಟ ಆದ ಮೇಲೆ ಲಾ ರೆಬೋಲ್ತೋಸಾವನ್ನು ಮೊದಲಿನಿಂದ ಕೊನೆವರೆಗೆ ಒಂದೇ ಉಸಿರಿಗೆ ಕೇಳಿ. ಹಾಡುಗಳಷ್ಟೇ ಆದರೆ ಗಂಟೆಯೂ ಹಿಡಿಯುವುದಿಲ್ಲ. ಈ ಸಲ ಚೀಟಿ ಓದುವುದು ಬೇಡ, ಎಲ್ಲರಿಗೂ ನೆನಪಿರುತ್ತದೆ. ವೇದಿಕೆಯ ಮೇಲೆ ಆಡಿದ ವಿಡಿಯೋ ಸಿಕ್ಕರೆ ಅದನ್ನು ಇದಾದ ಮೇಲೆ ನೋಡಿ. ಮೊದಲೇ ನೋಡಿದರೆ ಕಣ್ಣು ಬಟ್ಟೆಬರೆಯ ಮೇಲೆ ಹೋಗಿ ಕಿವಿ ಸುಮ್ಮನಾಗಿಬಿಡುತ್ತದೆ.

ಚಾಪಿಗೆ ದೊಡ್ಡ ಒಪೆರಾ ಬರೆಯುವ ಆಸೆ ಕೊನೆವರೆಗೂ ಹೋಗಲಿಲ್ಲ. 'ಮಾರ್ಗರೀತಾ ಲಾ ತೊರ್ನೇರಾ' ಅನ್ನುವ ಅವರ ಒಪೆರಾ 1909ರ ಫೆಬ್ರವರಿ 24ರಂದು ಮಾದ್ರಿದಿನ ರಾಜಮನೆತನದ ರಂಗಮಂದಿರದಲ್ಲಿ ಆಯಿತು. ಒಂದು ತಿಂಗಳು ಕಳೆದು ಮಾರ್ಚ್ 25ರಂದು ಅವರು ತೀರಿಕೊಂಡರು. ಎರಡು ದಿನ ಕಳೆದಿದ್ದರೆ 58 ತುಂಬುತ್ತಿತ್ತು. ಈ ಒಪೆರಾವನ್ನು ಹೊಸಬರು ಈಗಲೇ ಮುಟ್ಟಬೇಡಿ, ಉದ್ದ ಜಾಸ್ತಿ. 1903ರಿಂದ 1907ರ ನಡುವೆ ಬರೆದ ನಾಲ್ಕು ಕ್ವಾರ್ಟೆಟ್ ಇವೆ, ನಾಲ್ಕೇ ತಂತಿವಾದ್ಯಕ್ಕೆ. ಒಂದೊಂದೇ ಎಳೆ ಹಿಡಿಯುವುದು ಅಭ್ಯಾಸ ಆದವರಿಗೆ ಅವು ಒಳ್ಳೆಯ ಪರೀಕ್ಷೆ. ಎಳೆಗಳು ನಾಲ್ಕೇ ಇರುವುದರಿಂದ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ.

ಅದಕ್ಕೂ ಮೊದಲು, ಮೂರನೇ ಕೂಟಕ್ಕೆ, ಬ್ರೆತೋನ್ ಅವರ ಲಾ ಬೆರ್ಬೇನಾ ದೆ ಲಾ ಪಲೋಮಾ ಇಟ್ಟುಕೊಳ್ಳಿ. ಚೀಟಿಗೆ ಇಷ್ಟು ಬರೆಯಿರಿ: ಆಗಸ್ಟ್ ತಿಂಗಳ ಸೆಕೆಯ ರಾತ್ರಿ, ಮಾದ್ರಿದಿನ ಬೀದಿಯಲ್ಲಿ ಮಾತೆ ಮರಿಯಳ ಹಬ್ಬ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಹುಡುಗ ಹುಲಿಯಾನ್. ಅವನು ಮೆಚ್ಚಿದ ಹುಡುಗಿ ಸುಸಾನಾ, ಔಷಧಿ ಅಂಗಡಿಯ ಮುದುಕ ದೋನ್ ಇಲಾರಿಯೋನ್ ಜೊತೆ ಹಬ್ಬಕ್ಕೆ ಹೊರಟಿದ್ದಾಳೆ. ಹುಲಿಯಾನ್ ಅವಳನ್ನು ದಾರಿಯಲ್ಲಿ ತಡೆದು, ಇಷ್ಟು ಚೆಂದದ ಶಾಲು ಹೊದ್ದು ಎಲ್ಲಿಗೆ ಹೊರಟೆ ಅಂತ ಕೇಳುತ್ತಾನೆ. ಅಲ್ಲಿಂದ ಹಾಕಿ.